ಬೂದಿ ಬುಧವಾರದ ಹೊಗೆ

ಪಿರಿಯಾಪಟ್ಟಣ ಸೀಮೆಯಲ್ಲಿದ್ದುಕೊಂಡು ಸಿಗರೇಟು ಬಿಡುತ್ತೇನೆ ಅನ್ನುವವನ ಪಾಡು ಯಾರಿಗೂ ಬೇಡ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ, ಎತ್ತ ತಿರುಗಿದರೂ ವರ್ಜೀನಿಯಾ ತಂಬಾಕು, ಹೊಲದ ಮೂಲೆಗೊಂದು ಎಲೆ ಹದ ಮಾಡುವ ಬ್ಯಾರನ್. 1984ರಿಂದ ಇಲ್ಲಿ ತಂಬಾಕು ಮಂಡಳಿಯ ಹರಾಜು ನಡೆಯುತ್ತಿದೆ. ಮಗಳ ಫೀಸು, ಅವ್ವನ ಕನ್ನಡಕ, ಕೊನೆಗೆ ಚರ್ಚಿನ ವಂತಿಗೆಯೂ ನಮ್ಮ ಮನೆಯಲ್ಲಿ ಬೇಲ್ ಲೆಕ್ಕದಲ್ಲೇ. ಪಾಪಕ್ಕೆ ಎಡೆಮಾಡುವ ಜಾಗದಿಂದ ದೂರವಿರು ಅನ್ನುತ್ತದೆ ಧರ್ಮಸಭೆ. ಹಾಸನದ ಕಡೆ ಓಡೋಣವೆಂದರೆ ರಾಮನಾಥಪುರದಲ್ಲೂ ಹರಾಜು ಮಾರುಕಟ್ಟೆ!

ಆದರೂ ಬೂದಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದವನೇ, ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಮುಗಿಯುವ ತನಕ ಸಿಗರೇಟು ಬಂದ್ ಎಂದು ಸಾರಿದೆ. ಹೆಂಡತಿ ಮುಖ ಎತ್ತಲಿಲ್ಲ. "ಹಣೆ ಮೇಲಿನ ಬೂದಿ ಸಂಜೆಗೆ ಹೋಗುತ್ತೆ. ಜಗಲಿ ಮೇಲಿಂದು ಯಾವಾಗ್ರೀ ಹೋಗೋದು?"

ನಾಲ್ಕನೇ ಶತಮಾನದಲ್ಲಿ ಈಜಿಪ್ಟಿನ ಮರಳುಗಾಡಿನಲ್ಲಿದ್ದ ಎವಾಗ್ರಿಯಸ್ ಎಂಬ ಸನ್ಯಾಸಿ ಶೋಧನೆಯ, ಅಂದರೆ ಪಾಪದ ಸೆಳೆತದ, ವಿಷಯದಲ್ಲಿ ಪಂಡಿತ. ಕೆಟ್ಟ ಆಲೋಚನೆ ಯಾವ ಹೊತ್ತಿಗೆ ಬರುತ್ತದೆ, ಯಾವುದರ ಬೆನ್ನಿಗೆ ಯಾವುದು ಬರುತ್ತದೆ, ಕೂತು ಗಮನಿಸು ಎಂದಿದ್ದಾನೆ. ಗಮನಿಸಿದೆ. ಹನ್ನೊಂದರ ಹೊತ್ತಿಗೆ ಟೀ ಬೇಕೆನಿಸುತ್ತದೆ. ಟೀಯಲ್ಲಿ ಪಾಪವೇನಿದೆ? ಅಂಗಡಿಗೇ ಹೋದರೆ ನಾಲ್ಕು ಜನ ಸಿಗುತ್ತಾರೆ, ನೆರೆಯವರನ್ನು ಪ್ರೀತಿಸಬೇಕಲ್ಲ. ಪ್ರೀತಿಯಿಂದ ಪ್ಯಾಕು ಚಾಚಿದವನಿಗೆ 'ನಾನು ವ್ರತದಲ್ಲಿದ್ದೇನೆ' ಎಂದರೆ ಅದು ಅಹಂಕಾರ. ಅಹಂಕಾರ ಸಿಗರೇಟಿಗಿಂತ ದೊಡ್ಡ ಪಾಪ. ಹೀಗೆ ಪುಣ್ಯದ ಮೆಟ್ಟಿಲನ್ನೇ ಒಂದೊಂದಾಗಿ ಹತ್ತುತ್ತಾ ಬೆಂಕಿಪೊಟ್ಟಣದ ಹತ್ತಿರ ಬಂದು ನಿಂತಿರುತ್ತೇನೆ. ಸೈತಾನ ಕೊಂಬು ಬಾಲ ಹೊತ್ತು ಬಂದರೆ ಪೊರಕೆಯಲ್ಲಿ ಓಡಿಸಬಹುದು. ಇವನು ಬೈಬಲ್ ಓದಿಕೊಂಡು ಬರುತ್ತಾನೆ. ಯೇಸುವಿನ ಮುಂದೆಯೂ ಕೀರ್ತನೆಯ ಮಾತನ್ನೇ ಎತ್ತಿದ್ದವನಲ್ಲವೆ? ಯೇಸುವಾದರೋ ನಲವತ್ತು ದಿನ ಹಸಿದಿದ್ದರು. ನನಗೆ ಶೋಧನೆ ಬರುವುದು ಮುದ್ದೆ ಉಪ್ಸಾರು ಉಂಡು ತೇಗಿದ ಮೇಲೆ.

"ಎಲ್ಲಾ ಸೈತಾನನ ಕೆಲಸ" ಎಂದೆ ಮನೆಯಲ್ಲಿ.

"ಅವನಿಗೆ ಬೇರೆ ಕೆಲಸ ಇಲ್ವೇನ್ಲಾ?" ಎಂದಳು ಅವ್ವ ಜಪಸರ ಬಿಡದೆ. ಹೆಂಡತಿ ಯಕೋಬನ ಪತ್ರದ ಮೊದಲ ಅಧ್ಯಾಯ ತೆಗೆದು ಮುಂದಿಟ್ಟಳು. ಮನುಷ್ಯನನ್ನು ಸೆಳೆದೊಯ್ಯುವುದು ಅವನದೇ ಆಸೆ ಎಂದು ಅಲ್ಲಿ ಸ್ಪಷ್ಟವಾಗಿದೆ. ಅತ್ತೆ ಸೊಸೆ ಒಂದಾಗುವುದು ಇಂಥ ಹೊತ್ತಿನಲ್ಲೇ.

ಮನೆಯಲ್ಲಿ ನ್ಯಾಯ ಸಿಗುವುದಿಲ್ಲವೆಂದು ಮಂಗಳವಾರ ಕೆ.ಆರ್. ನಗರ ತಾಲ್ಲೂಕಿನ ದೋರನಹಳ್ಳಿಗೆ ಹೋದೆ. 2019ರಲ್ಲಿ ಬಸಿಲಿಕವಾದ ಸಂತ ಅಂತೋಣಿಯವರ ಕ್ಷೇತ್ರ ಅದು; ಹಿಂದೂಗಳೂ ಹರಕೆ ಹೊತ್ತು ಬರುತ್ತಾರೆ. "ಮರಳುಗಾಡಿನಲ್ಲಿ ಪಿಶಾಚಿಗಳನ್ನು ಮಣಿಸಿದವರೇ, ನನ್ನನ್ನೂ ಕಾಯಿರಿ" ಎಂದು ಮೊಂಬತ್ತಿ ಹಚ್ಚಿದೆ.

ಜೊತೆಗೇ ಬಂದಿದ್ದ ಹೆಂಡತಿ ಮೊಣಕೈಯಲ್ಲಿ ತಿವಿದಳು. "ರೀ, ಅವರು ಈಜಿಪ್ಟಿನ ಅಂತೋಣಿ, 356ರಲ್ಲೇ ತೀರಿಕೊಂಡ್ರು. ಇವರು ಪಾದುವದೋರು, ಹುಟ್ಟಿದ್ದೇ 1195ರಲ್ಲಿ. ಕಳೆದುಹೋದದ್ದು ಹುಡುಕಿಕೊಡ್ತಾರೆ."

ಸಂತರು ನಂಬಿದವರ ಕೈಬಿಡುವುದಿಲ್ಲ. ಮನೆಗೆ ಬಂದು ಅಂಗಿ ಬಿಚ್ಚುವಾಗ, ದೀಪಾವಳಿಯಿಂದ ಕಾಣದಿದ್ದ ಲೈಟರ್ ಸಿಕ್ಕಿತು.

ಲೈಟರ್ ಸಿಕ್ಕಮೇಲೆ ನನ್ನ ದೈವಶಾಸ್ತ್ರ ಚುರುಕಾಯಿತು. ಕ್ಯಾಲೆಂಡರ್ ಇಳಿಸಿ ಎಣಿಸಿದೆ. ಬೂದಿ ಬುಧವಾರದಿಂದ ಪವಿತ್ರ ಶನಿವಾರಕ್ಕೆ 46 ದಿನ. ತಪಸ್ಸು ಮಾತ್ರ 40 ದಿನ. ಯಾಕೆ? ಆರು ಭಾನುವಾರ ಲೆಕ್ಕಕ್ಕಿಲ್ಲ! ಭಾನುವಾರ ಪುನರುತ್ಥಾನದ ದಿನ, ಅವತ್ತು ಉಪವಾಸವಿಲ್ಲ. ಇದು ನಾನು ಹುಟ್ಟಿಸಿದ್ದಲ್ಲ, ಶತಮಾನಗಳಿಂದ ಬಂದ ಪದ್ಧತಿ ಎಂದು ಅಡುಗೆಮನೆ ಬಾಗಿಲಲ್ಲಿ ನಿಂತು ಪ್ರವಚನ ಮಾಡಿದೆ.

ಹೆಂಡತಿ ಒಲೆ ಸಣ್ಣ ಮಾಡಿದಳು. "ಹಂಗಾದ್ರೆ ನನಗೂ ಆಯ್ತು ಬಿಡಿ. ಈ ತಪಸ್ಸುಕಾಲಕ್ಕೆ ನಾನು ಏನು ಬಿಟ್ಟಿದ್ದೀನಿ, ಕೇಳಿದ್ರಾ?"

"ಏನು?"

"ಕೋಪ."

ಭಾನುವಾರವೂ ಲೆಕ್ಕಕ್ಕೆ ಸೇರತಕ್ಕದ್ದು ಎಂದು ಬಾಗಿಲಲ್ಲಿ ನಿಂತೇ ತೀರ್ಪು ಕೊಟ್ಟೆ.