ಪಂಚಾಂಗದಲ್ಲಿ ಅಮೆರಿಕ

ಅಮೆರಿಕದ ಪೌರತ್ವ ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಇಲ್ಲಿನ ಸರ್ಕಾರವೇ ಸೋರಿಕೆ ಮಾಡುತ್ತದೆ. ನೂರು ಪ್ರಶ್ನೆ, ಒಂದೊಂದರ ಕೆಳಗೇ ಉತ್ತರ. ಯಾರು ಬೇಕಾದರೂ ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದು. ತಿಪಟೂರಿನ ಹೈಸ್ಕೂಲಿನಲ್ಲಿ ನಿವೃತ್ತಿಯವರೆಗೂ ಸಮಾಜ ಪಾಠ ಮಾಡಿ, ಈಗ ಆರು ತಿಂಗಳ ಮಟ್ಟಿಗೆ ನ್ಯೂಜೆರ್ಸಿಯ ನಮ್ಮ ಮನೆಗೆ ಬಂದಿದ್ದ ಅಮ್ಮ ಇದನ್ನು ನಂಬಲು ತಯಾರಿರಲಿಲ್ಲ. 2016ರಲ್ಲಿ ನಮ್ಮ ದ್ವಿತೀಯ ಪಿಯುಸಿಯ ರಸಾಯನಶಾಸ್ತ್ರದ ಪತ್ರಿಕೆ ಸೋರಿ, ಮರುಪರೀಕ್ಷೆಯ ಪತ್ರಿಕೆಯೂ ಸೋರಿ, ಮಕ್ಕಳು ಬೀದಿಗಿಳಿದದ್ದನ್ನು ಕಂಡವಳು ಆಕೆ.

“ಅಲ್ಲ ಕಣೋ, ಉತ್ತರ ಸಮೇತ ಕೊಟ್ಟ ಮೇಲೂ ಫೇಲಾದವನು ಯಾವ ಮುಖ ಇಟ್ಕೊಂಡು ಮನೆಗೆ ಬರ್ತಾನೆ?” ಅಂದಳು.

ನನ್ನ ನಿದ್ದೆ ಕೆಡಿಸಿದ್ದೂ ಅದೇ ಪ್ರಶ್ನೆ. ನೂರರಲ್ಲಿ ಹತ್ತನ್ನು ಅಧಿಕಾರಿ ಬಾಯಲ್ಲಿ ಕೇಳುತ್ತಾರೆ, ಆರಕ್ಕೆ ಸರಿಯುತ್ತರ ಬರಬೇಕು. ನಮ್ಮ ಕಾಲದ ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ 35 ಬಂದರೆ ದಡ ಸೇರಿದಂತಿತ್ತು. ಇಲ್ಲಿ 60 ಬೇಕು, ಅಂದರೆ ಫಸ್ಟ್ ಕ್ಲಾಸು. ಸೆಕೆಂಡ್ ಕ್ಲಾಸಿನವರನ್ನು ಈ ದೇಶ ಸೇರಿಸಿಕೊಳ್ಳುವುದಿಲ್ಲ ಎಂಬುದು ತಿಳಿದೊಡನೆ ಅಮ್ಮನಿಗೆ ಅಮೆರಿಕದ ಮೇಲೆ ಸ್ವಲ್ಪ ಗೌರವ ಹುಟ್ಟಿತು. ನಪಾಸಾದವರಿಗೆ 60ರಿಂದ 90 ದಿನದೊಳಗೆ ಇನ್ನೊಂದು ಅವಕಾಶವಿದೆ. ಅದಕ್ಕೆ ಆಕೆ ‘ಸಪ್ಲಿಮೆಂಟರಿ’ ಎಂದು ನಾಮಕರಣ ಮಾಡಿದಳು. 2025ರ ಅಕ್ಟೋಬರ್ 20ರಿಂದೀಚೆಗೆ ಅರ್ಜಿ ಹಾಕಿದವರಿಗೆ ಪ್ರಶ್ನೆಗಳು 128, ಕೇಳುವುದು 20, ಸರಿಯಿರಬೇಕಾದ್ದು 12. ನನ್ನದು ಅದಕ್ಕೂ ಮೊದಲಿನ ಅರ್ಜಿ. ಹೀಗಾಗಿ ನಾನು ಓಲ್ಡ್ ಸ್ಕೀಮಿನ ವಿದ್ಯಾರ್ಥಿ. ಓಲ್ಡ್ ಸ್ಕೀಮಿನ ವಿದ್ಯಾರ್ಥಿಯ ಸಂಕಟ ಗೊತ್ತಲ್ಲ, ಈ ಸಲ ಕೈತಪ್ಪಿತೋ, ಮುಂದಿನ ಅರ್ಜಿಗೆ ಹೊಸ ಸಿಲಬಸ್ಸು.

ಪಾಠಕ್ಕಿಂತ ಅರ್ಜಿಯೇ ಗಟ್ಟಿ ಆಸಾಮಿ. ಎನ್-400 ಎಂದು ಅದರ ಹೆಸರು. ಹೆಸರು, ವಿಳಾಸ, ನೌಕರಿ ಎಂದು ಸಾಧುವಾಗಿ ಶುರುವಾಗಿ, ಇದ್ದಕ್ಕಿದ್ದಂತೆ ಪೊಲೀಸ್ ಠಾಣೆಯ ದನಿ ತೆಗೆಯುತ್ತದೆ. ನೀವು ಎಂದಾದರೂ ನರಮೇಧದಲ್ಲಿ ಭಾಗಿಯಾಗಿದ್ದಿರಾ? ಯಾರಿಗಾದರೂ ಚಿತ್ರಹಿಂಸೆ ಕೊಟ್ಟಿದ್ದೀರಾ? ಕಮ್ಯುನಿಸ್ಟ್ ಪಕ್ಷದ ಸದಸ್ಯರಾಗಿದ್ದಿರಾ? ಏಕಕಾಲಕ್ಕೆ ಒಬ್ಬರಿಗಿಂತ ಹೆಚ್ಚು ಮಂದಿಯನ್ನು ಮದುವೆಯಾಗಿದ್ದಿರಾ? ಈ ಕೊನೆಯದನ್ನು ಅಮ್ಮ ಗಟ್ಟಿಯಾಗಿ ಓದಿದಾಗ ಅಡುಗೆಮನೆಯಲ್ಲಿ ಮಿಕ್ಸಿ ನಿಂತಿತು. ‘ಇಲ್ಲ’ ಎಂದು ನಾನು ಗೀಟು ಹಾಕಿದ್ದು ಖಾತ್ರಿಯಾದ ಮೇಲೆ ಚಟ್ನಿ ಮುಂದುವರಿಯಿತು.

ಕಾನೂನುಬಾಹಿರ ಜೂಜಾಡಿದ್ದೀರಾ ಎಂಬಲ್ಲಿ ಅಮ್ಮ ಕನ್ನಡಕ ತೆಗೆದು ನನ್ನನ್ನೇ ನೋಡಿದಳು. ಯುಗಾದಿಯ ಮಾರನೇ ದಿನ, ಹೊಸತೊಡಕಿಗೆ, ನಮ್ಮ ಕಡೆ ಹಳ್ಳಿಗೆ ಹಳ್ಳಿಯೇ ಜಗುಲಿಯ ಮೇಲೆ ಇಸ್ಪೀಟಿಗೆ ಕೂರುತ್ತದೆ. ಸೋದರಮಾವಂದಿರ ನಡುವೆ ಕೂತು ಎಂಟಾಣೆ ಕಟ್ಟಿದ್ದು ಜೂಜೋ ಸಂಪ್ರದಾಯವೋ? “ಹಬ್ಬದ ದಿನ ಆಡಿದ್ದು ಲೆಕ್ಕಕ್ಕಿಲ್ಲ” ಎಂದು ಆಕೆಯೇ ತೀರ್ಪು ಕೊಟ್ಟಳು. ಶಸ್ತ್ರಾಸ್ತ್ರ ತರಬೇತಿ ಪಡೆದಿದ್ದೀರಾ ಎಂಬುದಕ್ಕೆ ಮಾತ್ರ ‘ಹೌದು’ ಎನ್ನಬೇಕಾಯಿತು, ಯಾಕೆಂದರೆ ಕಾಲೇಜಿನಲ್ಲಿ ಎನ್‌ಸಿಸಿ ಇತ್ತು, ಕ್ಯಾಂಪಿನಲ್ಲಿ ಪಾಯಿಂಟ್ ಟೂಟೂ ರೈಫಲ್ಲಿನಿಂದ ಗುಂಡು ಹಾರಿಸಿದ್ದೆ. ಗುರಿಹಲಗೆಯ ಮಟ್ಟಿಗೆ ಅದು ಸಂಪೂರ್ಣ ಅಹಿಂಸಾತ್ಮಕ ಗುಂಡು. “ಇವನು ಎನ್‌ಸಿಸಿಗೆ ಸೇರಿದ್ದೇ ಪೆರೇಡ್ ಆದಮೇಲೆ ಕೊಡ್ತಿದ್ದ ಪೂರಿ-ಸಾಗುಗೆ ಅಂತ ಬರಿ” ಎಂದು ಅಮ್ಮ ಒತ್ತಾಯಿಸಿದಳು. ಅಷ್ಟು ಜಾಗ ಅರ್ಜಿಯಲ್ಲಿ ಇರಲಿಲ್ಲ. ಇನ್ನು, ಅಪರಾಧ ಮಾಡಿಯೂ ಬಂಧನಕ್ಕೆ ಒಳಗಾಗದೆ ಉಳಿದ ಪ್ರಸಂಗವಿದೆಯೇ ಎಂದು ಇನ್ನೊಂದು. ಅಮ್ಮ ತಕ್ಷಣ ಶಾನುಭೋಗರ ತೋಟದ ಎಳನೀರಿನ ಕಥೆ ತೆಗೆದಳು. ಹೆತ್ತ ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಅರ್ಜಿ ತುಂಬಬಾರದು.

ಮಾರನೇ ಬೆಳಿಗ್ಗೆಯಿಂದ ಕ್ಲಾಸು ಶುರು. ಮಗಳ ಸೀರಿಯಲ್ ಡಬ್ಬಗಳ ರಟ್ಟನ್ನು ಅಂಗೈಯಗಲ ಕತ್ತರಿಸಿ, ಒಂದು ಬದಿಗೆ ಪ್ರಶ್ನೆ, ಹಿಂಬದಿಗೆ ಉತ್ತರ ಬರೆದು, ರಬ್ಬರ್ ಬ್ಯಾಂಡ್ ಹಾಕಿ ಅಮ್ಮ ಕಟ್ಟು ಮಾಡಿಟ್ಟಳು. ಉತ್ತರದ ಪಕ್ಕದಲ್ಲಿ ಆಕೆಯ ಷರಾ ಇರುತ್ತಿತ್ತು. ಸೆನೆಟ್: 100 ಮಂದಿ, 6 ವರ್ಷ, ‘ನಮ್ಮ ರಾಜ್ಯಸಭೆಯಂತೆ ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ಖಾಲಿ’. ಹೌಸ್: 435 ಮಂದಿ, 2 ವರ್ಷ, ‘ಪಾಪ’. ಎರಡು ವರ್ಷಕ್ಕೊಮ್ಮೆ ಕೈಮುಗಿದುಕೊಂಡು ಮನೆಮನೆಗೆ ಹೋಗಬೇಕಾದವರ ಬಗ್ಗೆ ಇಷ್ಟು ಸಂಕ್ಷಿಪ್ತ ರಾಜಕೀಯ ವಿಮರ್ಶೆಯನ್ನು ನಾನು ಇನ್ನೆಲ್ಲೂ ಓದಿಲ್ಲ.

ಆದರೆ ನನ್ನ ತಲೆಯಲ್ಲಿ ಅಂಕಿಗಳು ನಿಲ್ಲುತ್ತಿರಲಿಲ್ಲ. ನ್ಯಾಯಾಧೀಶರು 27, ತಿದ್ದುಪಡಿಗಳು 9 ಎಂದು ಅದಲುಬದಲಾಗುತ್ತಿದ್ದವು. ಆಗ ಅಮ್ಮ ಸೂಟ್‌ಕೇಸಿನಿಂದ ಒಂಟಿಕೊಪ್ಪಲ್ ಪಂಚಾಂಗ ತೆಗೆದಳು. “ಸುಪ್ರೀಂ ಕೋರ್ಟಲ್ಲಿ ಒಂಬತ್ತು ಜನ. ನವಗ್ರಹ ಅಂತ ಇಟ್ಕೋ. ಒಬ್ಬರ ಮುಖ ಒಬ್ಬರು ನೋಡಲ್ಲ.” ಇಲ್ಲಿನ ತೀರ್ಪುಗಳು ಐದು-ನಾಲ್ಕು, ಆರು-ಮೂರು ಎಂದು ಒಡೆದು ಬರುವ ಸುದ್ದಿ ಓದುವವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಡ. “ಸಂವಿಧಾನದ ವಿಧಿ ಏಳು. ವಾರದ ದಿನ ಏಳು. ತಿದ್ದುಪಡಿ ಇಪ್ಪತ್ತೇಳು. ನಕ್ಷತ್ರ ಎಷ್ಟು?”

ನಕ್ಷತ್ರ ಇಪ್ಪತ್ತೇಳು! ಚಿಕ್ಕಂದಿನಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಬಾಯಿಪಾಠ ಒಪ್ಪಿಸಿದ್ದ ಅಶ್ವಿನಿ, ಭರಣಿ, ಕೃತ್ತಿಕೆಗಳ ಪಟ್ಟಿ ನನ್ನೊಳಗೆ ಒಂದೂ ಅಳಿಸದೆ ಕೂತಿತ್ತು. ಅಮೆರಿಕದ ಸಂವಿಧಾನವನ್ನು ಅದರ ಗೂಟಕ್ಕೆ ಕಟ್ಟಿಹಾಕಿದೆವು. ಅಶ್ವಿನಿ: ವಾಕ್ ಸ್ವಾತಂತ್ರ್ಯ. ಹಸ್ತ, ಹದಿಮೂರು: ಗುಲಾಮರ ಕೈಕೋಳ ಕಳಚಿದ್ದು, 1865. ಜ್ಯೇಷ್ಠಾ, ಹದಿನೆಂಟು: ಪಾನನಿಷೇಧ. ಉತ್ತರಾಷಾಢ, ಇಪ್ಪತ್ತೊಂದು: ಪಾನನಿಷೇಧ ರದ್ದು. 1920ರಲ್ಲಿ ಜಾರಿಗೆ ಬಂದು 1933ರಲ್ಲಿ ಹೋದದ್ದರಿಂದ ಹೆಂಡಕ್ಕೆ ಹತ್ತಿರ ಹತ್ತಿರ ಹದಿನಾಲ್ಕು ವರ್ಷ ವನವಾಸ. ರೇವತಿ, ಇಪ್ಪತ್ತೇಳು: ಜನಪ್ರತಿನಿಧಿಗಳು ತಮ್ಮ ಸಂಬಳ ತಾವು ಏರಿಸಿಕೊಂಡರೂ ಅದು ಕೈಗೆ ಬರುವುದು ಮುಂದಿನ ಚುನಾವಣೆ ಆದ ಮೇಲೆ. 1789ರಲ್ಲಿ ಮಂಡಿಸಿದ್ದು, 1992ರಲ್ಲಿ ಮಂಜೂರಾಯಿತು. ಇದನ್ನು ಕೇಳಿದ ಮೇಲೆ ಅಮ್ಮ ತನ್ನ ಪಿಂಚಣಿ ಕಡತದ ವಿಳಂಬವನ್ನು ಮನಸಾರೆ ಕ್ಷಮಿಸಿದಳು.

“ಅತ್ತೆ, ಇದ್ಯಾವುದೂ ಸಿಲಬಸ್ಸಲ್ಲಿಲ್ಲ” ಎಂದಳು, ಹಿಂದೆಯೇ ಪಾಸಾಗಿ ಸೀನಿಯರ್ ಆಗಿದ್ದ ನನ್ನ ಹೆಂಡತಿ. ಅವಳ ಮಾತು ನಿಜ. ಒಟ್ಟು ಎಷ್ಟು ತಿದ್ದುಪಡಿ, ಮೊದಲ ಹತ್ತಕ್ಕೆ ಏನನ್ನುತ್ತಾರೆ, ಮತದಾನಕ್ಕೆ ಸಂಬಂಧಿಸಿದ ನಾಲ್ಕರಲ್ಲಿ ಒಂದನ್ನು ವಿವರಿಸಿ. ಪರೀಕ್ಷೆ ಕೇಳುವುದು ಬಹುಮಟ್ಟಿಗೆ ಇಷ್ಟೇ. ಆದರೆ ಸಮಾಜದ ಮೇಷ್ಟ್ರಿಗೆ ಸಿಲಬಸ್ಸು ಎಂಬುದು ಬೇಲಿಯಲ್ಲ, ಹಾರುವ ಹಲಗೆ. ಆ ನಾಲ್ಕು ಯಾವುವು ಎಂದು ಅಮ್ಮ ಹುಡುಕಿಸಿದಳು. ಸ್ವಾತಿ (15), ಮೂಲಾ (19), ಶತಭಿಷ (24), ಉತ್ತರಾಭಾದ್ರ (26).

ಮೂಲಾ ಬಂದಾಗ ಅಮ್ಮ ಪೆನ್ನು ಕೆಳಗಿಟ್ಟಳು. ಹತ್ತೊಂಬತ್ತನೇ ತಿದ್ದುಪಡಿ ಹೆಂಗಸರಿಗೆ ಮತದಾನದ ಹಕ್ಕು ಕೊಟ್ಟದ್ದು. ಮೂಲಾ ನಕ್ಷತ್ರದ ಹೆಣ್ಣು ಮಾವನಿಗೆ ಆಗಿಬರುವುದಿಲ್ಲವೆಂದು ನಮ್ಮಲ್ಲಿ ಎಷ್ಟು ಜಾತಕಗಳು ವಾಪಸ್ಸಾಗಿವೆಯೋ ಲೆಕ್ಕ ಇಟ್ಟವರಿಲ್ಲ. ಅಮ್ಮನ ಚಿಕ್ಕಮ್ಮನದೂ ಒಂದು. “ಸಂವಿಧಾನ ಬರೆದದ್ದು 1787ರಲ್ಲಿ. ಹೆಂಗಸರಿಗೆ ವೋಟು ಬಂದದ್ದು 1920ರಲ್ಲಿ. ನಮಗೆ 1951-52ರ ಮೊದಲನೇ ಚುನಾವಣೆಯಲ್ಲೇ ಇತ್ತು, ಯಾರ ಹತ್ರಾನೂ ಜಾತಕ ಕೇಳಲಿಲ್ಲ” ಎಂದು ಹೇಳಿ, ಆ ರಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ ಎರಡು ಗೀಟು ಎಳೆದಳು. ಪರೀಕ್ಷೆಯಲ್ಲಿ ಇದೇ ಬರುತ್ತದೆ ಎಂಬುದಕ್ಕೆ ತಿಪಟೂರಿನ ಮಕ್ಕಳು ಆ ಗೀಟನ್ನು ನಂಬುತ್ತಿದ್ದರು.

ಬಂತು. ಸಂದರ್ಶನದ ದಿನ ಬಲಗೈ ಎತ್ತಿ ಸತ್ಯವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡಿಸಿ, ಅಧಿಕಾರಿಣಿ ಅರ್ಜಿಯ ಮೇಲೆ ಕಣ್ಣಾಡಿಸಿದರು. ಎನ್‌ಸಿಸಿ ಎಂದರೇನು ಎಂದು ಕೇಳಿದರು. ವಿದ್ಯಾರ್ಥಿಗಳ ಕವಾಯತು ಎಂದೆ. ನನ್ನ ಹೊಟ್ಟೆಯ ಸುತ್ತಳತೆಯನ್ನು ನೋಡಿ ಅಷ್ಟಕ್ಕೇ ಬಿಟ್ಟರು. ಆಮೇಲೆ ನಾಡಿನ ಪರಮೋಚ್ಚ ಕಾನೂನು ಯಾವುದು, ಬಾವುಟದಲ್ಲಿ ಹದಿಮೂರು ಪಟ್ಟೆ ಏಕೆ ಎಂದು ಸುಲಭದವನ್ನು ಕೇಳುತ್ತ ಹೋಗಿ, ಆರನೆಯದಾಗಿ, ಮತದಾನದ ತಿದ್ದುಪಡಿಗಳಲ್ಲಿ ಒಂದನ್ನು ವಿವರಿಸಿ ಎಂದರು. ನನ್ನ ತುಟಿ ತಾನಾಗಿ ‘ಮೂಲಾ’ ಎಂದಿತು. ಏನಂದಿರಿ ಎಂದರು. ಹೆಂಗಸರೂ ಮತ ಹಾಕಬಹುದು ಎಂದೆ. ಅಲ್ಲಿಗೆ ನಿಲ್ಲಿಸಿಬಿಟ್ಟರು. ಆರು ಸರಿಯಾದರೆ ಏಳನೆಯದನ್ನು ಕೇಳುವುದಿಲ್ಲವಂತೆ. ಕೊನೆಗೆ ಇಂಗ್ಲಿಷಿನಲ್ಲಿ ಒಂದು ವಾಕ್ಯ ಓದಿಸಿ, ಒಂದು ವಾಕ್ಯ ಉಕ್ತಲೇಖನ ಬರೆಸಿದರು. ತೆರಿಗೆ ಕಟ್ಟುವ ವಿಚಾರದ ವಾಕ್ಯ. ಅದನ್ನು ನಾನು ಪ್ರತಿವರ್ಷ ಏಪ್ರಿಲ್‌ನಲ್ಲಿ ಬೇರೆ ರೀತಿಯಲ್ಲಿ ಬರೆಯುತ್ತಲೇ ಬಂದಿದ್ದೇನೆ.

ಮನೆಗೆ ಬಂದು ಪಾಸೆಂದಾಗ ಅಮ್ಮನಿಗೆ ಆದದ್ದು ಸಂತೋಷಕ್ಕಿಂತ ಹೆಚ್ಚಾಗಿ ಅನ್ಯಾಯದ ಭಾವನೆ. “ಬರೀ ಆರು ಕೇಳಿದರಾ? ಮಿಸಿಸಿಪ್ಪಿ ಕೇಳಲಿಲ್ಲವಾ? ಲಿಂಕನ್?” ಉಳಿದ ತೊಂಬತ್ತನಾಲ್ಕು ರಟ್ಟನ್ನು ಕೈಯಲ್ಲಿ ಹಿಡಿದು, ಇಡೀ ಪುಸ್ತಕ ಓದಿಸಿದ ಮೇಲೆ ಒಂದೇ ಪಾಠದಿಂದ ಪ್ರಶ್ನೆ ತೆಗೆದವರನ್ನು ನೋಡುವಂತೆ ನನ್ನನ್ನು ನೋಡಿದಳು. ಅದೇ ಕಟ್ಟು ಈಗ ಓಣಿಯಾಚೆಯ ಹಾಸನದ ದಂಪತಿಯ ಮನೆಯಲ್ಲಿದೆ. ಅವರದು ನ್ಯೂ ಸ್ಕೀಮು. ಇನ್ನೊಂದಿಷ್ಟು ರಟ್ಟು ಸೇರಿಸಿಕೊಳ್ಳಬೇಕು.

ಪ್ರಮಾಣವಚನದಲ್ಲಿ ವಿದೇಶದ ರಾಜರಿಗೂ ಪ್ರಭುತ್ವಗಳಿಗೂ ಇದ್ದ ನಿಷ್ಠೆಯನ್ನು ತೊರೆಯುತ್ತೇನೆ ಎಂದು ಹೇಳಬೇಕು. ರಾಜರು ಅಂದರೆ ಮೈಸೂರು ಮಹಾರಾಜರೂ ಸೇರಿದರಾ ಎಂದು ಮಗಳು ಅಜ್ಜಿಯನ್ನು ಕೇಳಿದಳು. ಆ ವ್ಯವಹಾರ 1950ರಲ್ಲೇ ತೀರಿತು, ಚಿಂತೆಯಿಲ್ಲ ಎಂದು ಅಮ್ಮ ಸಮಾಧಾನ ಹೇಳಿದಳು. ನಮ್ಮ ಕಾನೂನು ಎರಡು ಪೌರತ್ವ ಒಪ್ಪುವುದಿಲ್ಲವಾದ್ದರಿಂದ ಭಾರತದ ಪಾಸ್‌ಪೋರ್ಟ್ ಒಪ್ಪಿಸಿ ಓಸಿಐ ಕಾರ್ಡು ಪಡೆಯಬೇಕು. ಅದರಲ್ಲಿ ಊರಿಗೆ ಹೋಗಬಹುದು, ವೋಟು ಹಾಕುವಂತಿಲ್ಲ. ಆ ಕಾಗದಗಳನ್ನು ಜೋಡಿಸುವಾಗ ಅಮ್ಮ ಕೊನೆಯ ಮೌಖಿಕ ಪರೀಕ್ಷೆ ತೆಗೆದುಕೊಂಡಳು. “ಬಿಡೋ ಮುಂಚೆ ಹೇಳು. ನಮ್ಮ ಸಂವಿಧಾನಕ್ಕೆ ಎಷ್ಟು ತಿದ್ದುಪಡಿ?”

ಹುಟ್ಟಿನಿಂದ ಪೌರನಾಗಿದ್ದ ದೇಶದ ಬಗ್ಗೆ ಇದುವರೆಗೆ ಯಾರೂ ನನ್ನನ್ನು ಕರೆದು ಹೀಗೆ ಕೇಳಿರಲಿಲ್ಲ. ಮೊದಲನೆಯದು 1951ರಲ್ಲಿ, ಸಂವಿಧಾನಕ್ಕೆ ಒಂದೂವರೆ ವರ್ಷ ತುಂಬುವ ಮೊದಲೇ ಬಂತು. 106ನೆಯದು 2023ರದು, ಲೋಕಸಭೆ-ವಿಧಾನಸಭೆಗಳಲ್ಲಿ ಮಹಿಳೆಯರಿಗೆ ಮೂರನೇ ಒಂದು ಭಾಗ ಮೀಸಲು. ಜನಗಣತಿ, ಕ್ಷೇತ್ರ ಮರುವಿಂಗಡಣೆ ಮುಗಿದ ಮೇಲೆ ಜಾರಿ ಎಂಬ ಷರತ್ತಿನ ಸಮೇತ. ನಕ್ಷತ್ರ ಇಪ್ಪತ್ತೇಳಕ್ಕೆ ಇದು ಒಗ್ಗುವುದಿಲ್ಲವಲ್ಲ ಎಂದೆ. ಅಮ್ಮ ಪಂಚಾಂಗದಿಂದ ತಲೆಯೆತ್ತಲಿಲ್ಲ. ನಕ್ಷತ್ರಕ್ಕೆ ನಾಲ್ಕು ಪಾದ, ಒಟ್ಟು 108. ಮಹಿಳಾ ಮೀಸಲಾತಿ ರೇವತಿ ಎರಡನೇ ಪಾದದಲ್ಲಿದೆ. ಆ ಲೆಕ್ಕದಲ್ಲಿ ಉಳಿದಿರುವುದು ಇನ್ನೆರಡೇ. ದೆಹಲಿಯವರು ಯೋಚಿಸಿ ಖರ್ಚು ಮಾಡಬೇಕಾಗಿ ವಿನಂತಿ.