ಕಟ್ಟೆ ಪಂಥದ ಧೂಮ ಸಿದ್ಧಾಂತ: ಸಗರನಾಡಿನ ಶ್ವಾಸಕೋಶಗಳ ಒಂದು ಅಧ್ಯಯನ

ಪ್ರಸ್ತಾವನೆ

ಸಗರನಾಡೆಂದರೆ ಶಹಾಪುರ, ಸುರಪುರ, ಯಾದಗಿರಿಗಳ ಸೀಮೆ. ಇಲ್ಲಿನ ಶಾಸನ, ಕೋಟೆ, ದರ್ಗಾ, ತತ್ವಪದಗಳ ಬಗ್ಗೆ ವಿದ್ವಾಂಸರು ಬೇಕಾದಷ್ಟು ಬರೆದಿದ್ದಾರೆ. ಅಗಸಿ ಕಟ್ಟೆಯ ಮೇಲೆ ಕುಳಿತು ಬೀಡಿ ಸೇದುವವರ ವೈದ್ಯಕೀಯ ಚಿಂತನೆಯನ್ನು ಮಾತ್ರ ಯಾರೂ ಮುಟ್ಟಿದಂತಿಲ್ಲ. ಆ ಕೊರತೆ ನೀಗುವ ವಿನಮ್ರ ಪ್ರಯತ್ನವಿದು. ವಿನಮ್ರ ಎಂಬ ಮಾತನ್ನು ಪ್ರಬಂಧ ಸಂಪ್ರದಾಯಕ್ಕೆ ಅನುಗುಣವಾಗಿ ಬಳಸಲಾಗಿದೆ.

ಅಧ್ಯಯನದ ವ್ಯಾಪ್ತಿ: ಮೂಗಿನಿಂದ ಕೆಳಗೆ, ಹೊಟ್ಟೆಯಿಂದ ಮೇಲೆ. ಮಿತಿ: ವಕ್ತೃಗಳು ಮಾತಿನ ನಡುವೆ ಪದೇ ಪದೇ ಕೆಮ್ಮಿದ್ದರಿಂದ ಕೆಲವು ಅಮೂಲ್ಯ ಹೇಳಿಕೆಗಳು ದಾಖಲಾಗದೆ ಹೋದವು.

ಚಾರಿತ್ರಿಕ ಹಿನ್ನೆಲೆ

ನಮ್ಮ ಭಾಗಕ್ಕೆ ಹಿಂದುಳಿದ ಪ್ರದೇಶವೆಂಬ ಹಣೆಪಟ್ಟಿ ಇದೆ. ತಂಬಾಕಿನ ಮಟ್ಟಿಗೆ ಅದು ಸುಳ್ಳು. ಅಕ್ಬರನ ರಾಯಭಾರಿ ಅಸದ್ ಬೇಗ್ ನೆರೆಯ ವಿಜಯಪುರದ ಆದಿಲಶಾಹಿ ದರ್ಬಾರಿಗೆ ಬಂದವನು, ಮರಳುವಾಗ ಆಗ್ರಾಕ್ಕೆ ತಂಬಾಕು ಒಯ್ದ. ಬಾದಶಹ ಕುತೂಹಲಕ್ಕೆ ಒಂದೆರಡು ಸಲ ಎಳೆದು ನೋಡಿದ. ಹಕೀಮ ಬೇಡವೆಂದ. ಅಕ್ಬರ್ ಚಟ ಹಚ್ಚಿಕೊಳ್ಳಲಿಲ್ಲ, ಅಮೀರ ಉಮರಾವರು ಹಚ್ಚಿಕೊಂಡರು. ಅದೇ ಸುಮಾರಿಗೆ, 1604ರಲ್ಲಿ, ಇಂಗ್ಲೆಂಡಿನ ದೊರೆ ಒಂದನೇ ಜೇಮ್ಸ್ ಈ ಹೊಗೆ ಶ್ವಾಸಕೋಶಕ್ಕೆ ಅಪಾಯವೆಂದು ಪುಸ್ತಕವನ್ನೇ ಬರೆದ. 1617ರಲ್ಲಿ ಜಹಾಂಗೀರ್ ಧೂಮಪಾನ ನಿಷೇಧಿಸಿದ. ಹೀಗೆ ಹಕೀಮ, ದೊರೆ, ಬಾದಶಹ ಮೂವರು ಹೇಳಿದರೂ ಕೇಳದಿರುವುದು ನಾಲ್ಕು ಶತಮಾನಗಳ ಅಖಂಡ ಪರಂಪರೆಯೆಂದು ಸಿದ್ಧವಾಗುತ್ತದೆ.

ಸುರಪುರದಲ್ಲಿ ಬಂಗಲೆ ಕಟ್ಟಿಸಿಕೊಂಡಿದ್ದ ಮೆಡೋಸ್ ಟೇಲರ್, 1839ರಲ್ಲಿ ಥಗ್ಗರ ಮೇಲೆ ಕಾದಂಬರಿ ಬರೆದು ಹೆಸರಾದವನು. ಥಗ್ಗರು ಹೊರಗಿನಿಂದ ರುಮಾಲು ಬಿಗಿದು ಆಮೇಲೆ ಹಣ ದೋಚುತ್ತಿದ್ದರು. ಬೀಡಿ ಮೊದಲು ಹಣ ಪಡೆದು ಆಮೇಲೆ ಒಳಗಿನಿಂದ ಬಿಗಿಯುತ್ತದೆ. ಈ ತೌಲನಿಕ ಅಧ್ಯಯನವನ್ನು ಟೇಲರ್ ಕೈಗೆತ್ತಿಕೊಳ್ಳದಿದ್ದುದು ಸಾಹಿತ್ಯಕ್ಕಾದ ನಷ್ಟ.

ಕಟ್ಟೆ ಪಂಥದ ಸೂತ್ರಗಳು

ಸೂತ್ರ 1: ‘ನಮ್ಮಜ್ಜ ತೊಂಬತ್ತರ ತನಕ ಸೇದ್ಯಾನ, ಏನಾಗ್ಯಾದ?’

ಭಾಷ್ಯ: ಉದಾಹರಣೆ ನಿಜವೇ. ಆದರೆ ಅಜ್ಜನ ಜೊತೆ ಅದೇ ಕಟ್ಟೆಯ ಮೇಲೆ ಸೇದಿ ಐವತ್ತಕ್ಕೇ ಹೋದವರು ಸಾಕ್ಷಿ ಹೇಳಲು ಬರಲಿಲ್ಲ. ಇಂಗ್ಲೆಂಡಿನ ರಿಚರ್ಡ್ ಡಾಲ್ ಮತ್ತು ಸಂಗಡಿಗರು 1951ರಿಂದ ಐವತ್ತು ವರ್ಷ 34 ಸಾವಿರಕ್ಕೂ ಹೆಚ್ಚು ವೈದ್ಯರ ಲೆಕ್ಕ ಇಟ್ಟರು, ಇದ್ದವರದನ್ನೂ ಸತ್ತವರದನ್ನೂ. ಸೇದುತ್ತಲೇ ಉಳಿದವರು ಸರಾಸರಿ ಹತ್ತು ವರ್ಷ ಮೊದಲೇ ಹೊರಟುಹೋಗುತ್ತಾರೆಂದು ತಿಳಿದುಬಂತು. ಡಾಲ್ ಸಾಹೇಬ ನಮ್ಮಜ್ಜನನ್ನು ಕೇಳಲಿಲ್ಲ ಎಂಬುದು ಪಂಥದ ಆಕ್ಷೇಪ.

ಸೂತ್ರ 2: ‘ಸಿಗರೇಟ್ ಕೆಟ್ಟದ್ದು. ಬೀಡಿ ಎಲಿದು, ಎಲಿ ಏನ್ ಮಾಡ್ತದ?’

ಭಾಷ್ಯ: ಬೀಡಿಯಲ್ಲಿ ತಂಬಾಕು ಕಡಿಮೆ ಎಂಬುದನ್ನು ಒಪ್ಪಬೇಕು. ಆದರೆ ಆ ಎಲೆಯೊಳಗೆ ಗಾಳಿ ಆಡುವುದಿಲ್ಲ. ಬಿಟ್ಟುಬಿಡದೆ ಎಳೆಯದಿದ್ದರೆ ಆರಿಹೋಗುತ್ತದೆ. ಹಾಗಾಗಿ ಟಾರು, ಕಾರ್ಬನ್ ಮೊನಾಕ್ಸೈಡ್ ಸಿಗರೇಟಿಗಿಂತ ಹೆಚ್ಚೇ ಒಳಗೆ ಹೋಗುತ್ತವೆ.

ಸೂತ್ರ 3: ‘ಬೀಡಿ ಬಿಟ್ಟ ಮ್ಯಾಲೇ ಕೆಮ್ಮು ಜಾಸ್ತಿ ಆತು. ಅಂದ್ರ ಬೀಡಿನೇ ಔಷಧ.’

ಭಾಷ್ಯ: ಪಂಥದ ಮಹಾವಾಕ್ಯವಿದು. ಶ್ವಾಸನಾಳದ ಒಳಗೋಡೆಗೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಅಂಗಳ ಗುಡಿಸುವ ಕಸಬರಿಗೆಯಂತೆ ಅವು ಧೂಳು, ಕಫವನ್ನು ಗಂಟಲಿನತ್ತ ಮೇಲೆ ತಳ್ಳುತ್ತಿರುತ್ತವೆ. ಹೊಗೆ ಅವುಗಳನ್ನು ಮಂಕು ಮಾಡಿ, ಕಡೆಗೆ ಉದುರಿಸಿಬಿಡುತ್ತದೆ. ಅತ್ತ ಕಫ ಹೆಚ್ಚುತ್ತದೆ, ಇತ್ತ ತಳ್ಳುವವರಿಲ್ಲ. ಬೀಡಿ ಬಿಟ್ಟ ಕೆಲವೇ ವಾರಗಳಲ್ಲಿ ರೋಮಗಳು ಮತ್ತೆ ಚಿಗುರಿ, ಹಳೆಯ ಬಾಕಿಯನ್ನೆಲ್ಲ ಹೊರಗೆ ಹಾಕತೊಡಗುತ್ತವೆ. ಆಗ ಕೆಲವರಿಗೆ ಕೆಮ್ಮು ಹೆಚ್ಚಿದಂತಾಗುತ್ತದೆ. ಗುಣವಾಗುವ ಗುರುತನ್ನು ಕಂಡು ರೋಗವೆಂದು ಹೆದರಿ, ರೋಗವನ್ನೇ ಔಷಧವೆಂದು ಮತ್ತೆ ಹಚ್ಚುವುದು ಪಂಥದ ಚಿಕಿತ್ಸಾಕ್ರಮ.

ಬಿಟ್ಟವರ ವರ್ಗೀಕರಣ

ಶ್ರಾವಣತ್ಯಾಗಿ: ಶ್ರಾವಣದ ಮೊದಲ ದಿನ ಬಿಟ್ಟು, ಅಮಾವಾಸ್ಯೆ ಮುಗಿದ ಮುಂಜಾನೆ ಬಡ್ಡಿ ಸಮೇತ ಸೇದುವವನು.

ಪರಾವಲಂಬಿ: ಕೊಳ್ಳುವುದನ್ನು ಮಾತ್ರ ಬಿಟ್ಟವನು. ಕಟ್ಟೆಯ ಮೇಲೆ ಇವನ ಸಂಖ್ಯೆ ಅಧಿಕ.

ಗಣಿತಜ್ಞ: ದಿನಕ್ಕೆ ಒಂದು ಕಟ್ಟು ಇದ್ದದ್ದನ್ನು ಒಂದೇ ಬೀಡಿಗೆ ಇಳಿಸಿ ಗೆದ್ದೆನೆನ್ನುವವನು. ಸಿಗರೇಟಿನ ಕುರಿತ 2018ರ ಸಂಶೋಧನೆಯ ಪ್ರಕಾರ ದಿನಕ್ಕೆ ಒಂದೇ ಸೇದಿದರೂ, ಇಪ್ಪತ್ತು ಸೇದುವವನ ಹೆಚ್ಚುವರಿ ಹೃದಯಾಘಾತದ ಅಪಾಯದಲ್ಲಿ ಸುಮಾರು ಅರ್ಧ ಹಾಗೇ ಉಳಿಯುತ್ತದೆ. ಇವನ ಭಾಗಾಕಾರವನ್ನು ಹೃದಯ ಒಪ್ಪುವುದಿಲ್ಲ.

ಮತಾಂತರಿ: ಬೀಡಿ ಬಿಟ್ಟು ಗುಟ್ಕಾ ಹಿಡಿದವನು. ಇವನ ಅಧ್ಯಯನವನ್ನು ಬಾಯಿಯ ವಿದ್ವಾಂಸರಿಗೆ ಬಿಡಲಾಗಿದೆ.

ನಿಜತ್ಯಾಗಿ: ವಿರಳ ಪ್ರಭೇದ. ಸಂರಕ್ಷಣೆ ಅಗತ್ಯ.

ಕ್ಷೇತ್ರಕಾರ್ಯ

ಯಾದಗಿರಿ ಕೋಟೆಯ ಗುಡ್ಡವನ್ನು ಪ್ರಯೋಗಶಾಲೆಯಾಗಿ ಆರಿಸಿಕೊಳ್ಳಲಾಯಿತು. ಬೀಡಿ ಬಿಟ್ಟ ಒಬ್ಬರು, ಬಿಡದ ಒಬ್ಬರು ಜೊತೆಗೂಡಿ ಹತ್ತಿದರು. ಬಿಟ್ಟವರು ಈ ಸಲದ ಹತ್ತಿ ದರದ ಬಗ್ಗೆ ಮಾತಾಡುತ್ತಲೇ ಏರಿದರು. ಬಿಡದ ಕಾಕಾ ನಾಲ್ಕು ಮೆಟ್ಟಿಲಿಗೊಮ್ಮೆ ಟೊಂಕಕ್ಕೆ ಕೈಕೊಟ್ಟು ನಿಂತರು.

‘ಕಾಕಾ, ದಮ್ ಹತ್ಯಾದೇನ್ರಿ?’

‘ಇಲ್ಲೋ ತಮ್ಮಾ, ಊರು ನೋಡ್ಲಾಕತ್ತೀನಿ.’

ಅವರ ಎದುರಿಗೆ ಬಂಡೆ ಮಾತ್ರ ಇತ್ತು. ಧೂಮಪಾನದಿಂದ ನಿಸರ್ಗಪ್ರೇಮ ಹೆಚ್ಚುತ್ತದೆಂಬ ಹೊಸ ಊಹೆಗೆ ಇಲ್ಲಿ ಎಡೆಯಿದೆ.

ಪೂರ್ವಪಕ್ಷ ಮತ್ತು ಸಿದ್ಧಾಂತ

ಸೂತ್ರಗಳೆಲ್ಲ ಸೋತ ಮೇಲೆ ಪಂಥ ಕೊನೆಯ ಅಸ್ತ್ರ ತೆಗೆಯುತ್ತದೆ: ‘ಆಗೋದು ಆಗ್ಯಾದ, ಈಗ ಬಿಟ್ಟು ಏನ್ ಬಂತು?’ ಇದರಲ್ಲಿ ಅರ್ಧ ಸತ್ಯವಿದೆ. ಶ್ವಾಸಕೋಶದ ಕೋಟ್ಯಂತರ ಗಾಳಿಗೂಡುಗಳಲ್ಲಿ ಗೋಡೆ ಒಡೆದು ಒಂದಾದವು ಮತ್ತೆ ಬೇರೆ ಬೇರೆ ಆಗುವುದಿಲ್ಲ. ಆದರೆ ಲಂಡನ್ನಿನ ದುಡಿಯುವ ಗಂಡಸರನ್ನು ಎಂಟು ವರ್ಷ ಗಮನಿಸಿದ ಫ್ಲೆಚರ್ ಮತ್ತು ಪೀಟೊ 1977ರಲ್ಲಿ ಉಳಿದರ್ಧವನ್ನು ಹೇಳಿದರು: ಹೋದ ಉಸಿರಿನ ಬಲ ಬಾರದು, ಆದರೆ ಬಿಟ್ಟ ಮೇಲೆ ಅದು ಕುಂದುವ ವೇಗ ಸೇದದವರ ಮಟ್ಟಕ್ಕೆ ಇಳಿಯುತ್ತದೆ.

ಗಳಿಕೆಯ ಲೆಕ್ಕವೂ ಸಣ್ಣದಲ್ಲ. ಬಿಟ್ಟ ಇಪ್ಪತ್ತು ನಿಮಿಷಕ್ಕೆ ಎದೆಬಡಿತ ಇಳಿಯತೊಡಗುತ್ತದೆ. ಒಂದೆರಡು ದಿನದೊಳಗೆ ರಕ್ತದ ಕಾರ್ಬನ್ ಮೊನಾಕ್ಸೈಡ್ ಸಹಜ ಮಟ್ಟಕ್ಕೆ ಬರುತ್ತದೆ. ಒಂಬತ್ತು ತಿಂಗಳೊಳಗೆ ಕೆಮ್ಮು, ಏದುಸಿರು ತಗ್ಗುತ್ತವೆ. ಹತ್ತು ವರ್ಷಕ್ಕೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಸೇದುವವನದರ ಸುಮಾರು ಅರ್ಧ. ಡಾಲ್ ಲೆಕ್ಕದಲ್ಲಿ ಮೂವತ್ತಕ್ಕೆ ಬಿಟ್ಟವನಿಗೆ ಹತ್ತು ವರ್ಷ ಆಯುಷ್ಯ ಮರಳಿತು, ಅರವತ್ತಕ್ಕೆ ಬಿಟ್ಟವನಿಗೂ ಮೂರು ವರ್ಷ.

ಫಲಿತ

‘ಈ ದಿಸೆಯಲ್ಲಿ ಇನ್ನೂ ಹೆಚ್ಚಿನ ಅಧ್ಯಯನ ನಡೆಯಬೇಕಿದೆ’ ಎಂದು ಪ್ರಬಂಧ ಮುಗಿಸುವುದು ವಾಡಿಕೆ. ಈ ವಿಷಯದಲ್ಲಿ ಅದರ ಅಗತ್ಯ ಕಾಣುವುದಿಲ್ಲ. ಬೀಡಿ ಬಿಟ್ಟ ಮೊದಲ ಕೆಲವು ದಿನ ಸಿಟ್ಟು ಬರುತ್ತದೆ, ನಿದ್ದೆ ಹಾರುತ್ತದೆ, ಹೊಟ್ಟೆ ಕಟ್ಟುತ್ತದೆ, ಎಲ್ಲವೂ ಇಳಿಯುತ್ತವೆ. ತಲಬು ಬಂದರೆ ನೀರು ಕುಡಿದು ಕಟ್ಟೆ ಬಿಟ್ಟು ನಾಲ್ಕು ಹೆಜ್ಜೆ ಆಚೆ ಹೋದರೆ ಕೆಲವೇ ನಿಮಿಷಕ್ಕೆ ಅದೂ ಸರಿಯುತ್ತದೆ. ಎರಡು ವಾರ ಮೀರಿದ ಕೆಮ್ಮನ್ನು, ಕಫದಲ್ಲಿ ಕಂಡ ರಕ್ತವನ್ನು ಕಟ್ಟೆಯ ಪಂಡಿತರಿಗೆ ತೋರಿಸದೆ ಸರ್ಕಾರಿ ಆಸ್ಪತ್ರೆಗೆ ತೋರಿಸಿರಿ; ಅಲ್ಲಿ ಕ್ಷಯದ ಕಫ ಪರೀಕ್ಷೆಗೆ ದುಡ್ಡಿಲ್ಲ. ಒಬ್ಬರಿಂದಲೇ ಬಿಡಲು ಆಗದಿದ್ದರೆ ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಫೋನ್ ಹಚ್ಚಿರಿ. ಆ ಕರೆಗೂ ದುಡ್ಡಿಲ್ಲ.