ಗಡಿನಾಡ ಮುಖದರ್ಶನ ಮೀಮಾಂಸೆ

ಅಭಿಮಾನಿಯಾದವನು ದುಡ್ಡು ಕಟ್ಟಿ, ಮೊಬೈಲಿನಲ್ಲಿ ಕಲಾವಿದರ ಮುಖ ಕಂಡು, ಒಂದೆರಡು ನಿಮಿಷ ಮಾತಾಡಿ ಕೃತಾರ್ಥನಾಗುವ ಕ್ರಿಯೆಗೆ ‘ವರ್ಚುವಲ್ ಮೀಟ್ ಅಂಡ್ ಗ್ರೀಟ್’ ಎಂದು ಹೆಸರು. ಕೊರೊನಾ ಕಾಲದಲ್ಲಿ ವಿಡಿಯೊ ಕಾಲ್ ಮಾಡಿದ ಕೊರಿಯಾದ ಪಾಪ್ ಗಾಯಕರು, ಹೆಸರು ಹಿಡಿದು ಹಾರೈಸುವ ತಾರೆಯರ ವಿಡಿಯೊ ಮಾರಿದ ಶಿಕಾಗೊದ ಕ್ಯಾಮಿಯೊ ಕಂಪನಿ, ಇವರೇ ಇದರ ಮೂಲಪುರುಷರೆಂಬುದು ಪೂರ್ವಪಕ್ಷ. ಅದನ್ನು ಖಂಡಿಸಿ, ಸದರಿ ವಿದ್ಯೆ ಮಹಾರಾಷ್ಟ್ರದ ಗಡಿಯ ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಪಿತ್ರಾರ್ಜಿತ ಆಸ್ತಿಯೆಂದು ಸಾಧಿಸುವುದೇ ಈ ಪ್ರಬಂಧದ ಉದ್ದೇಶ. ಸಾಧಿಸಲಾಗದಿದ್ದರೂ ಪಿಎಚ್.ಡಿ.ಗೆ ಅಡ್ಡಿಯಿಲ್ಲವೆಂದು ಬಲ್ಲವರು ಅಭಯ ಕೊಟ್ಟಿದ್ದಾರೆ.

ಮೊದಲು ಈ ಸೀಮೆಯ ಭಕ್ತರೂ ಹೋಗುವ ಪಂಢರಪುರದ ಪ್ರಮಾಣ. ಅಲ್ಲಿ ಎರಡು ಪಾಳಿ. ಪದಸ್ಪರ್ಶದ ಪಾಳಿಯಲ್ಲಿ ತಾಸುಗಟ್ಟಲೆ ನಿಂತರೆ ವಿಠ್ಠಲನ ಪಾದಕ್ಕೆ ಹಣೆ ಹಚ್ಚಬಹುದು. ಮುಖದರ್ಶನದ ಪಾಳಿಯಲ್ಲಿ ದೂರದಿಂದ ಮುಖ ನೋಡಿ, ಹಿಂದಿನವರ ನೂಕಿಗೆ ಹೊರಬೀಳಬೇಕು. ಇಂದಿನ ವೇದಿಕೆಗಳು ಮಾರುತ್ತಿರುವುದು ಈ ಎರಡನೆಯದನ್ನೇ. 2020ರ ಆಷಾಢದಲ್ಲಂತೂ ಜ್ಞಾನೇಶ್ವರ, ತುಕಾರಾಮರ ಪಾದುಕೆಗಳು ಎಸ್.ಟಿ. ಬಸ್ಸು ಹತ್ತಿ ಪಂಢರಪುರಕ್ಕೆ ಹೋದವು. ನಡೆದೇ ಹೋಗಬೇಕಾದ ವಾರಕರಿಗಳು ಮನೆಯಲ್ಲಿ ಕೂತು ಟಿ.ವಿ.ಗೆ ಕೈ ಮುಗಿದರು. ಅದಕ್ಕೆ ಯಾರೂ ಒಟಿಪಿ ಕೇಳಲಿಲ್ಲ.

ಇನ್ನು ಉಮರ್ಗಾದ ನೆರೆಯ ಕಲ್ಯಾಣ. ಅಫ್ಘಾನಿಸ್ತಾನದ ಕಡೆಯಿಂದ ಬಂದನೆಂದು ಪ್ರತೀತಿಯಿರುವ ಮರುಳಶಂಕರದೇವ ಬಸವಣ್ಣನವರ ಮಹಾಮನೆಯಲ್ಲಿ ಹನ್ನೆರಡು ವರ್ಷ ಯಾರ ಗುರುತಿಗೂ ಬೀಳದೆ ಇದ್ದನಂತೆ. ಕೊನೆಗೆ ಅಲ್ಲಮಪ್ರಭು ಬಂದು ಗುರುತಿಸಿದ. ‘ಸ್ವಲ್ಪ ಹೊತ್ತಿನಲ್ಲಿ ನಿಮ್ಮನ್ನು ಒಳಗೆ ಬಿಡಲಾಗುವುದು’ ಎಂಬ ಪರದೆಯೆದುರು ಹನ್ನೆರಡು ನಿಮಿಷಕ್ಕೇ ಶಾಪ ಹಾಕುವವರು ಈ ಪ್ರಸಂಗವನ್ನು ಅವಶ್ಯ ಓದತಕ್ಕದ್ದು.

ಇಲ್ಲೊಂದು ತಾತ್ವಿಕ ತೊಡಕಿದೆ. ಡಾ. ರಾಜ್‌ಕುಮಾರ್ ಅಭಿಮಾನಿಗಳನ್ನೇ ದೇವರೆಂದರು. ಹಾಗಾದರೆ ದೇವರೇ ದುಡ್ಡು ಕಟ್ಟಿ, ಪಾಳಿ ಹಚ್ಚಿ, ಭಕ್ತನ ದರ್ಶನಕ್ಕೆ ಕಾಯುವುದು ಯಾವ ಆಗಮದಲ್ಲಿದೆ? ದ್ವೈತಿಗಳು ರಸೀದಿ ತೋರಿಸಿ ಇಬ್ಬರೂ ಬೇರೆಬೇರೆಯೇ ಎನ್ನುತ್ತಾರೆ. ನೆಟ್ ಹೋದಾಗ ಇಬ್ಬರದೂ ಒಂದೇ ಕಪ್ಪು ಪರದೆ ಎಂದು ಅದ್ವೈತಿಗಳು. ವಾದ ನಡೆದಿದೆ.

ಈಗ ಮುಖ್ಯ ವಿಷಯ. 1956ರ ನವೆಂಬರ್ 1ರಂದು ಬೀದರ ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಸೇರಿದವು. 1960ರಲ್ಲಿ ಅದು ಮಹಾರಾಷ್ಟ್ರವಾಯಿತು, 1982ರಲ್ಲಿ ಲಾತೂರ ಜಿಲ್ಲೆ ಹುಟ್ಟಿತು. ಇಷ್ಟೆಲ್ಲ ಓಡಾಟದಲ್ಲಿ ಊರು ಮಾತ್ರ ಕೂತಲ್ಲೇ ಕೂತಿತ್ತು. ಉದಗೀರದಿಂದ ಬೀದರಿಗೆ ಹೋಗುವ ರೈಲು ಇವತ್ತಿಗೂ ಕಮಲನಗರ, ಭಾಲ್ಕಿ ಹಾದೇ ಹೋಗುತ್ತದೆ. ವೇದಿಕೆಯ ನೋಂದಣಿ ಫಾರ್ಮಿಗೆ ರೈಲಿನ ಸುದ್ದಿ ಗೊತ್ತಿಲ್ಲ. ಉದಗೀರದ ಪಿನ್‌ಕೋಡು 413517 ಎಂದು ಒತ್ತಿದೊಡನೆ ಮರಾಠಿಗೆ ಹೊರಳಿ, ಮರಾಠಿ ನಟರನ್ನು ಸಾಲಾಗಿ ನಿಲ್ಲಿಸುತ್ತದೆ. (ಅವರ ಮೇಲೂ ಈ ಸೀಮೆಗೆ ಪ್ರೀತಿಯೇ. ಅದಕ್ಕೆ ಬೇರೆ ಪ್ರಬಂಧವಾದೀತು.)

ಅಂತೂ ಕನ್ನಡದ ನಟನನ್ನು ಹುಡುಕಿ ದುಡ್ಡು ಕಟ್ಟಿದ್ದಾಯಿತೆನ್ನಿ. ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ನಮ್ಮ ಮಾದರಿ ಅಭಿಮಾನಿ ಇಸ್ತ್ರಿ ಅಂಗಿ ತೊಟ್ಟು, ಮೊಬೈಲನ್ನು ತಂಬಿಗೆಗೆ ಆನಿಸಿ ಕೂತಿದ್ದಾನೆ. ಬೆನ್ನ ಹಿಂದೆ ಮನೆಮಂದಿ, ಬಾಗಿಲಲ್ಲಿ ಓಣಿ.

‘ನಮಸ್ಕಾರ! ಎಲ್ಲಿಂದ ಮಾತಾಡ್ತಿದ್ದೀರಾ?’

‘ಉದಗೀರದಿಂದ್ರಿ ಸರ್.’

‘ಉದಯಗಿರೀನಾ? ನಮ್ಮ ಮೈಸೂರು!’

‘ಅಲ್ರಿ, ಲಾತೂರ ಜಿಲ್ಲಾ. ಮಹಾರಾಷ್ಟ್ರದಾಗ ಬರ್ತದ.’

‘ಓ, ಮರಾಠಿಯವರಾ! ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತೀರಾ!’

‘ಮನ್ಯಾಗ ನಾವು ಕನ್ನಡಾನೇ ಮಾತಾಡೋದ್ರಿ. ನಮ್ಮಜ್ಜನ ಕಾಲದಿಂದ...’

‘ಸೂಪರ್! ಕಲಿಯೋಕೆ ಎಷ್ಟು ದಿನ ಬೇಕಾಯ್ತು?’

‘ನೀ ಮೊನ್ನಿ ಪಿಚ್ಚರದ್ದು ಕೇಳೋ’ ಎಂದು ಹಿಂದಿನಿಂದ ಅತ್ತಿ ತಿವಿಯುವುದರೊಳಗೆ ಸಮಯ ಮುಗಿದು, ಐದು ನಕ್ಷತ್ರ ಕೊಡಿ ಎಂದು ಪರದೆ ಬೇಡುತ್ತದೆ.

ನಟನ ತಪ್ಪೇನಿಲ್ಲ, ಪಾಪ, ಅವನು ಹೊಗಳಿದ್ದೇ. 1760ರಲ್ಲಿ ಮರಾಠರ ಸದಾಶಿವರಾವ್ ಭಾವು ಉದಗೀರದಲ್ಲಿ ನಿಜಾಮನನ್ನು ಸೋಲಿಸುವಾಗ ಊರು ಎಲ್ಲಿದೆಯೆಂದು ಯಾರಿಗೂ ವಿವರಿಸಬೇಕಾಗಿರಲಿಲ್ಲ, ಅಷ್ಟೆ. ಬೆಂಗಳೂರಿನ ಅಭಿಮಾನಿ ಕೊಟ್ಟ ದುಡ್ಡಿಗೆ ಸಿನಿಮಾದ ಮಾತು ಸಿಗುತ್ತದೆ. ಗಡಿಯವನು ಅದೇ ದುಡ್ಡಿನಲ್ಲಿ ಭೂಗೋಳ ಪಾಠ ಮಾಡಿ, ತಾನು ಕನ್ನಡಿಗನೆಂದು ಸಾಬೀತು ಮಾಡಿ, ಉಳಿದರೆ ಸಿನಿಮಾಕ್ಕೆ ಬರಬೇಕು. ಉಳಿಯುವುದಿಲ್ಲ.

ಆದಕಾರಣ ವೇದಿಕೆಯ ಮಾಲೀಕರಲ್ಲಿ ಅರಿಕೆ: ಪಿನ್‌ಕೋಡು ನೋಡಿ ಭಾಷೆಯನ್ನು ನೀವೇ ಆರಿಸಬೇಡಿ. ಉಮರ್ಗಾ, ನಿಲಂಗಾ, ಉದಗೀರದ ಕನ್ನಡಿಗರಿಗೆ ಊರು ಯಾವುದೆಂದು ಹೇಳಿ ಮುಗಿಸಿದ ಮೇಲೆಯೇ ಗಡಿಯಾರ ಶುರುಮಾಡಿ.